ಗಣಿತ ಮೇಡಂ ಲ್ಯಾಪ್‌ಟಾಪಿನ ತಲೆಕೆಳಗಾದ ಕ್ಯಾಮೆರಾ

2020ರ ಜೂನ್. ಆಗ ನಾನು ದಾವಣಗೆರೆಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಶಾಲೆ ಮುಚ್ಚಿತ್ತು, ಪಾಠವೆಲ್ಲ ಆನ್‌ಲೈನ್. ಲ್ಯಾಪ್‌ಟಾಪ್ ಇಲ್ಲದ ಟೀಚರ್‌ಗಳಿಗೆ ಹಳೆಯ ಲ್ಯಾಪ್‌ಟಾಪುಗಳಿಗೇ ಉಬುಂಟು (ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್) ಹಾಕಿ ಕೊಡುತ್ತಿದ್ದೆವು. ಗಣಿತದ ಮೇಡಂ ಪಾಲಿಗೆ ಬಂದದ್ದು ಹತ್ತು ವರ್ಷ ಹಳೆಯದು. ಅವತ್ತೇ ಸಂಜೆ ಅವರ ಫೋನ್ ಬಂತು.

"ನೋಡಪ್ಪಾ, ಈ ಕ್ಯಾಮೆರಾದಲ್ಲಿ ನಾನು ತಲೆಕೆಳಗಾಗಿ ಕಾಣ್ತೀನಿ. ನಾಳೆ ಒಂಬತ್ತಕ್ಕೆ ಕ್ಲಾಸಿದೆ."

ಲ್ಯಾಪ್‌ಟಾಪ್ ತರಿಸಿಕೊಂಡೆ. ಡ್ರೈವರ್, ಅಂದರೆ ಕ್ಯಾಮೆರಾವನ್ನು ಸಿಸ್ಟಮ್‌ಗೆ ಜೋಡಿಸುವ ಸಾಫ್ಟ್‌ವೇರ್, ಅದರ ತೊಂದರೆ ಅಂತ ಮೊದಲು ಅನಿಸಿತು. ಆದರೆ ಇಂಥ ಯುಎಸ್‌ಬಿ ಕ್ಯಾಮೆರಾಗಳ ಯುವಿಸಿ ಡ್ರೈವರ್ 2008ರಿಂದ ಲಿನಕ್ಸ್ ಕರ್ನೆಲ್ (ಸಿಸ್ಟಮ್‌ನ ತಿರುಳು) ಒಳಗೇ ಇದೆ, ಬೇರೆ ಹಾಕುವಂಥದ್ದೇನೂ ಇಲ್ಲ. ಪರದೆಯ ಸುತ್ತಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಮೆಲ್ಲಗೆ ಎಬ್ಬಿಸಿ ನೋಡಿದೆ. ಕ್ಯಾಮೆರಾದ್ದು ಬೆರಳಗಲದ ಪುಟ್ಟ ಬೋರ್ಡು, ಅದರ ಮೇಲಿನ ಅಕ್ಷರಗಳೂ ತಲೆಕೆಳಗೆ. ಫ್ಯಾಕ್ಟರಿಯಲ್ಲೇ ಹಾಗೆ ಕೂರಿಸಿದ್ದರು. ತಿರುಗಿಸಿ ಕೂರಿಸೋಣವೆಂದರೆ ವೈರ್ ಗಿಡ್ಡ, ಸ್ಕ್ರೂ ತೂತೂ ಹೊಂದುತ್ತಿರಲಿಲ್ಲ.

ಆ ಕಾಲದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಹೀಗೇ ಇತ್ತು. ವಿಂಡೋಸ್‌ನಲ್ಲಿ ಕಂಪನಿಯ ಡ್ರೈವರೇ ಚಿತ್ರವನ್ನು ತಿರುಗಿಸಿ ಕೊಡುತ್ತಿದ್ದುದರಿಂದ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲಿನಕ್ಸ್ ಡ್ರೈವರ್ ಮಾತ್ರ ಕ್ಯಾಮೆರಾ ಕೊಟ್ಟದ್ದನ್ನು ಕೊಟ್ಟ ಹಾಗೇ ದಾಟಿಸುತ್ತದೆ. ಹ್ಯಾನ್ಸ್ ಡಿ ಗೂಡೆ ಎಂಬ ಡೆವಲಪರ್ ಬರೆದ ಲಿಬ್‌ವಿ4ಎಲ್ ಎಂಬ ಲೈಬ್ರರಿಯಲ್ಲಿ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡಿನ ಕಟ್ಟು) ಇದಕ್ಕೆಂದೇ ಒಂದು ಪಟ್ಟಿ ಇದೆ. ಕ್ಯಾಮೆರಾದ ಯುಎಸ್‌ಬಿ ನಂಬರು ಮತ್ತು ಮದರ್‌ಬೋರ್ಡಿನ ಹೆಸರು ಅದರಲ್ಲಿದ್ದರೆ ಚಿತ್ರ ತಾನಾಗಿಯೇ ನೆಟ್ಟಗಾಗುತ್ತದೆ. ತಮ್ಮ ಲ್ಯಾಪ್‌ಟಾಪಿನ ವಿವರ ಕಳಿಸಿ ಆ ಪಟ್ಟಿ ಬೆಳೆಸಿದವರ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ.

ನಮ್ಮ ಮದರ್‌ಬೋರ್ಡಿನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಆಗ ಲಿಬ್‌ವಿ4ಎಲ್‌ಕಂಟ್ರೋಲ್ ಫ್ಲ್ಯಾಗ್ಸ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್‌ಗೆ (ಪ್ರೋಗ್ರಾಮುಗಳು ಓದಿಕೊಳ್ಳುವ ಒಂದು ಸೆಟ್ಟಿಂಗ್) ನಾವೇ ಬೆಲೆ ಕೊಡಬಹುದು. 1 ಅಂದರೆ ಎಡ-ಬಲ ಅದಲುಬದಲು, 2 ಅಂದರೆ ಮೇಲೆ-ಕೆಳಗೆ, 3 ಅಂದರೆ ಎರಡೂ. 3 ಕೊಟ್ಟು, ಕ್ಯಾಮೆರಾ ಚಿತ್ರ ತೋರಿಸುವ ಗುವ್‌ಸಿವ್ಯೂ ಎಂಬ ಪ್ರೋಗ್ರಾಮ್ ತೆರೆದೆ. ಚಿತ್ರ ನೆಟ್ಟಗಿತ್ತು. "ಸರಿಹೋಯ್ತು ಮೇಡಂ" ಎಂದು ರಾತ್ರಿಯೇ ಮನೆಗೆ ತಲುಪಿಸಿದೆ.

ಬೆಳಗ್ಗೆ ಒಂಬತ್ತೂಹತ್ತಕ್ಕೆ ಮತ್ತೆ ಫೋನ್. "ಇನ್ನೂ ಹಾಗೇ ಇದೆಯಲ್ಲಪ್ಪಾ!" ಪಾಪ, ಅವತ್ತಿನ ಪಾಠ ಅವರು ಮೊಬೈಲಿನಲ್ಲೇ ಮುಗಿಸಿದರು.

ತಪ್ಪು ನನ್ನದು. ಗುವ್‌ಸಿವ್ಯೂ ಆ ಲೈಬ್ರರಿಯ ಮೂಲಕ ಕ್ಯಾಮೆರಾ ತೆರೆಯುತ್ತದೆ. ಬ್ರೌಸರ್ ಹಾಗಲ್ಲ, ನೇರವಾಗಿ ಡ್ರೈವರ್ ಹತ್ತಿರವೇ ಹೋಗುತ್ತದೆ. ನಾನು ಹಾಕಿದ 3 ಅದಕ್ಕೆ ಕಾಣುವುದೇ ಇಲ್ಲ. ಮೇಡಂ ಪಾಠ ಮಾಡುವುದು ಬ್ರೌಸರಿನಲ್ಲಿ ಅಂತ ಗೊತ್ತಿತ್ತು, ಆದರೂ ಅಲ್ಲಿ ನೋಡದೆಯೇ ಸರಿಹೋಯ್ತು ಅಂದುಬಿಟ್ಟಿದ್ದೆ. ಒಂದು ಮೀಟಿಂಗ್ ತೆರೆದು ನೋಡಿದ್ದರೆ ಎರಡೇ ನಿಮಿಷದ ಕೆಲಸ.

ಎರಡನೇ ಸಲ ವಿ4ಎಲ್2 ಲೂಪ್‌ಬ್ಯಾಕ್ ಹಾಕಿದೆ. ಇದು ಕರ್ನೆಲ್ ಮಾಡ್ಯೂಲ್, ಅಂದರೆ ಕರ್ನೆಲ್‌ಗೆ ಸೇರಿಸುವ ತುಣುಕು; ಸಿಸ್ಟಮ್‌ನಲ್ಲಿ ಇನ್ನೊಂದು ಹುಸಿ ಕ್ಯಾಮೆರಾ ಹುಟ್ಟಿಸುತ್ತದೆ. ನಿಜವಾದ ಕ್ಯಾಮೆರಾದ ಚಿತ್ರವನ್ನು ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಪ್ರೋಗ್ರಾಮ್ ಓದಿ, ತಿರುಗಿಸಿ, ಈ ಹುಸಿ ಕ್ಯಾಮೆರಾಕ್ಕೆ ಸುರಿಯುತ್ತದೆ. ಬ್ರೌಸರಿನಲ್ಲಿ ಆ ಎರಡನೆಯದನ್ನು ಆರಿಸಿಕೊಂಡರಾಯಿತು. ಲೂಪ್‌ಬ್ಯಾಕಿನ ಎಕ್ಸ್‌ಕ್ಲೂಸಿವ್ ಕ್ಯಾಪ್ಸ್ ಅನ್ನೋ ಆಯ್ಕೆಗೆ 1 ಕೊಡದಿದ್ದರೆ ಕ್ರೋಮ್‌ಗೆ ಅದು ಕಾಣುವುದಿಲ್ಲ, ಮರೆಯಬೇಡಿ. ಹಳೆಯ ಪ್ರೊಸೆಸರ್‌ಗೆ ಭಾರ ಜಾಸ್ತಿಯಾಗದಿರಲಿ ಎಂದು 640×480ಕ್ಕೇ ನಿಲ್ಲಿಸಿದೆ.

ಇಲ್ಲೂ ಒಂದು ಕಡೆ ಎಡವುತ್ತಿದ್ದೆ. ಮೊದಲು ಎಫ್‌ಎಫ್‌ಎಂಪೆಗ್‌ಗೆ ವಿ-ಫ್ಲಿಪ್ (ಮೇಲೆ-ಕೆಳಗೆ ಅದಲುಬದಲು) ಒಂದನ್ನೇ ಕೊಟ್ಟೆ. ಮುಖ ನೆಟ್ಟಗೆ ಬಂತು, ಸಾಕು ಅನಿಸಿತು. ಆದರೆ ಮೇಡಂ ಲೆಕ್ಕ ಬರೆದ ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸುವವರು, ಅಲ್ವಾ? ಹಾಳೆ ಮೇಲೆ ದಪ್ಪ ಮಾರ್ಕರಿನಲ್ಲಿ 2 + 5 = 7 ಬರೆದು ಹಿಡಿದೆ. ಮೀಟಿಂಗ್ ಆ್ಯಪ್‌ಗಳು ನಮ್ಮ ಚಿತ್ರವನ್ನು ನಮಗೆ ಕನ್ನಡಿಯಂತೆ ತೋರಿಸುತ್ತವೆ, ಹಾಗಾಗಿ ನಮ್ಮ ಪರದೆ ನೋಡಿ ಏನೂ ಹೇಳಲಾಗದು. ಮೊಬೈಲಿನಿಂದ ಅದೇ ಮೀಟಿಂಗ್‌ಗೆ ಸೇರಿ ನೋಡಿದೆ. 7 ಮೊದಲು ಬಂದಿತ್ತು, 2 ಕೊನೆಗೆ, ಅಂಕಿಗಳೆಲ್ಲ ಉಲ್ಟಾ. ತಲೆಕೆಳಗಾದ ಕ್ಯಾಮೆರಾ ಅಂದರೆ 180 ಡಿಗ್ರಿ ತಿರುಗಿದ್ದು. ಹಾಗಾಗಿ ವಿ-ಫ್ಲಿಪ್ ಜೊತೆ ಎಚ್-ಫ್ಲಿಪ್ (ಎಡ-ಬಲ ಅದಲುಬದಲು) ಕೂಡ ಬೇಕು. ಎರಡೂ ಕೊಟ್ಟ ಮೇಲೆ ಹಾಳೆ ಸರಿಯಾಗಿ ಕಂಡಿತು. ಲಾಗಿನ್ ಆದ ಕೂಡಲೇ ತಾನಾಗಿ ಶುರುವಾಗುವಂತೆ ಸಿಸ್ಟಮ್‌ಡಿ ಸರ್ವೀಸ್ ಬರೆದು ಕೊಟ್ಟೆ.

ಅಕ್ಟೋಬರಿನಲ್ಲಿ ಒಂದು ದಿನ ಆ ಎರಡನೇ ಕ್ಯಾಮೆರಾ ಮಾಯವಾಯಿತು. ಕರ್ನೆಲ್ ಅಪ್‌ಡೇಟ್ ಆಗಿತ್ತು. ಲೂಪ್‌ಬ್ಯಾಕ್ ಮಾಡ್ಯೂಲನ್ನು ಹೊಸ ಕರ್ನೆಲ್‌ಗೆ ಮತ್ತೆ ಕಟ್ಟುವುದು ಡಿಕೆಎಂಎಸ್ ಎಂಬ ಸಾಧನ, ಅದಕ್ಕೆ ಬೇಕಾದ ಹೊಸ ಕರ್ನೆಲ್‌ನ ಹೆಡರ್ ಎಂಬ ಕಡತಗಳು ಬಂದಿರಲಿಲ್ಲ. ಹೆಡರ್‌ಗಳೂ ಕರ್ನೆಲ್ ಜೊತೆಗೇ ಅಪ್‌ಡೇಟ್ ಆಗುವಂತೆ ಅವುಗಳ ಜೆನೆರಿಕ್ ಪ್ಯಾಕೇಜ್ ಹಾಕಿದೆ. ಈ ಸಲ ಲ್ಯಾಪ್‌ಟಾಪ್ ಕೊಡುವ ಮುಂಚೆ ಮೇಡಂ ಎದುರೇ ಬ್ರೌಸರಿನಲ್ಲಿ ಮೀಟಿಂಗ್ ತೆರೆದು, ಅವರದೇ ನೋಟ್ಸಿನ ಒಂದು ಹಾಳೆ ಹಿಡಿಯಲು ಹೇಳಿದೆ. ಹಜಾರದಲ್ಲಿದ್ದ ಅವರ ಮಗಳು ಮೊಬೈಲಿನಲ್ಲಿ ನೋಡಿ, "ಅಮ್ಮಾ, ಓದೋಕೆ ಬರ್ತಿದೆ" ಅಂದಳು. ಆಮೇಲೆ ಬ್ಯಾಗ್ ಎತ್ತಿಕೊಂಡೆ.