ಯಾವ ಸ್ಕೂಟರ್ ತಗೊಳ್ಳಲಿ ಅಂತ ಕೇಳುವವರಿಗೆ

"ದಿನಾ ಓಡಾಡೋಕೆ ಒಂದು ಗಾಡಿ ತಗೋಬೇಕಣ್ಣ, ಜಾಸ್ತಿ ದುಡ್ಡಿಲ್ಲ, ಯಾವುದು ಒಳ್ಳೇದು ಹೇಳಿ." ತಿಂಗಳಿಗೆ ಒಬ್ಬರಾದರೂ ನನ್ನನ್ನು ಹೀಗೆ ಕೇಳುತ್ತಾರೆ. ನಾನು ಮೈಸೂರಿನಲ್ಲಿರುವುದು, ಕೆಲಸ ನಂಜನಗೂಡಿನ ಕಡೆ. ಹೋಗಿ ಬರೋದು ಸೇರಿ ದಿನಕ್ಕೆ 45 ಕಿಲೋಮೀಟರ್ ಆಗುತ್ತದೆ. ಹನ್ನೊಂದು ವರ್ಷದಿಂದ ಸ್ಕೂಟರಿನಲ್ಲೇ ಓಡಾಟ. ಮೊದಲ ಆರು ವರ್ಷ 110 ಸಿಸಿ ಎಂಜಿನ್ನಿನ ಗಾಡಿ, ಆಮೇಲೆ 125. ಅದಕ್ಕೇ ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ನೇರ ಉತ್ತರ. 125 ಸಿಸಿ ತಗೊಳ್ಳಿ. ಟೆಸ್ಟ್ ರೈಡಿಗೆ ಹೋಗುವಾಗ ಹಿಂದೆ ಕೂರುವವರನ್ನು ಕರೆದುಕೊಂಡೇ ಹೋಗಿ.

ಒಬ್ಬರೇ, ಊರೊಳಗೆ, ಐದಾರು ಕಿಲೋಮೀಟರ್ ಓಡಾಡುವುದಾದರೆ 110 ಧಾರಾಳ ಸಾಕು. ಅದಕ್ಕೆ ಜಾಸ್ತಿ ದುಡ್ಡು ಹಾಕಬೇಡಿ. ಆದರೆ ನಮ್ಮ ಮನೆಗಳಲ್ಲಿ ಸ್ಕೂಟರ್ ಒಬ್ಬರನ್ನೇ ಹೊತ್ತು ತಿರುಗುವುದು ಕಡಿಮೆ, ಅಲ್ವಾ? ಬೆಳಿಗ್ಗೆ ಮಗು ಸ್ಕೂಲಿಗೆ, ಸಂಜೆ ಅಮ್ಮ ಆಸ್ಪತ್ರೆಗೆ, ತಿಂಗಳಿಗೊಮ್ಮೆ ಸಂತೆಪೇಟೆಯಿಂದ 25 ಕೆ.ಜಿ. ಅಕ್ಕಿ ಮೂಟೆ ಕಾಲ ಹತ್ತಿರ. ನನ್ನ ಹಳೇ 110ರಲ್ಲಿ ಚಾಮುಂಡಿ ಬೆಟ್ಟಕ್ಕೆ ಡಬಲ್ಸ್ ಹೋದರೆ ಎಕ್ಸಿಲೇಟರ್ ಪೂರ್ತಿ ತಿರುಗಿಸಿದರೂ ಮುಳ್ಳು 30ರ ಹತ್ತಿರ ಬಂದು ನಿಲ್ಲುತ್ತಿತ್ತು. ಹಿಂದೆ ಬಸ್ ಹಾರ್ನ್ ಹೊಡೆಯುತ್ತಿದ್ದರೆ ಪಕ್ಕಕ್ಕೆ ಸರಿಯದೆ ಬೇರೆ ದಾರಿಯೇ ಇರಲಿಲ್ಲ. 110ರಲ್ಲಿ ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಸುಮಾರು 9 ನ್ಯೂಟನ್ ಮೀಟರ್, 125ರಲ್ಲಿ 10ರಿಂದ 10.5. ಕಾಗದದ ಮೇಲೆ ನೋಡಿದರೆ ಇಷ್ಟೇನಾ ಅನಿಸುತ್ತದೆ. ಇಬ್ಬರು ಕೂತು ಏರು ಹತ್ತುವಾಗ, ಲಾರಿ ದಾಟುವಾಗ ಆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಮೈಲೇಜ್ ಹೋಗುತ್ತಲ್ಲ ಅನ್ನುತ್ತಾರೆ. ಲೆಕ್ಕ ಹಾಕೋಣ. ತಿಂಗಳಿಗೆ 1,200 ಕಿ.ಮೀ. ಓಡುತ್ತದೆ ಅಂದುಕೊಳ್ಳಿ. ಲೀಟರಿಗೆ 50 ಕೊಡುವ ಗಾಡಿಗೆ 24 ಲೀಟರ್ ಬೇಕು, 47 ಕೊಡುವ ಗಾಡಿಗೆ ಇಪ್ಪತ್ತೈದೂವರೆ. ಒಂದೂವರೆ ಲೀಟರ್ ಪೆಟ್ರೋಲ್, ಹೆಚ್ಚೆಂದರೆ ನೂರೈವತ್ತು, ನೂರ ಅರವತ್ತು ರೂಪಾಯಿ. ಅಷ್ಟಕ್ಕೋಸ್ಕರ ಹತ್ತು ವರ್ಷ ಏದುಸಿರು ಬಿಡುವ ಗಾಡಿ ಓಡಿಸಬೇಡಿ.

ಹಾಗಾದರೆ 150, 160 ಯಾಕಲ್ಲ? ಯಮಹಾ ಏರೋಕ್ಸ್ 155 ಓಡಿಸಿ ನೋಡಿದ್ದೇನೆ. ಚಕ್ರ 14 ಇಂಚಿನದು, ಹೈವೇಯಲ್ಲಿ ತುಂಬಾ ಚೆನ್ನಾಗಿ ನಿಲ್ಲುತ್ತದೆ. ಆದರೆ ಕಾಲಿಡುವ ಜಾಗದ ಮಧ್ಯೆ ದಿಬ್ಬ. ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಇಡೋಕಾಗಲ್ಲ. ಬೆಲೆಯೂ ದೂರ. ಇನ್ನು ಬೆಂಗಳೂರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಹೋಗಬಹುದಲ್ಲ ಅಂತ ದೊಡ್ಡ ಎಂಜಿನ್ ತಗೊಳ್ಳುವವರಿದ್ದರೆ ನೆನಪಿರಲಿ: 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು ಸ್ಕೂಟರುಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಈಗ ಹಿಂದೆ ಕೂರುವವರ ವಿಷಯ. ಐದು ವರ್ಷದ ಹಿಂದೆ ನಾನು ಅಮ್ಮನನ್ನು ಕರೆದುಕೊಂಡು ಶೋರೂಮಿಗೆ ಹೋದೆ. ಅಮ್ಮ ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವವರು. ಮೊದಲು ನೋಡಿದ ಗಾಡಿ ನೋಡೋಕೆ ಬಹಳ ಚೆಂದ, ನನಗೆ ಅದೇ ಮನಸ್ಸಿನಲ್ಲಿತ್ತು. ಅಮ್ಮ ಎರಡು ಸಲ ಎಗರಿದರು, ಆಗಲಿಲ್ಲ. ಮೂರನೇ ಸಲ ನನ್ನ ಭುಜ ಹಿಡಿದು ಹೇಗೋ ಕೂತರು. ಆದರೆ ಸೀಟು ಹಿಂದಕ್ಕೆ ಹೋದಂತೆ ಮೇಲೇರಿ ಕಿರಿದಾಗಿತ್ತು, ಎಡಗೈಗೆ ಹಿಡಿ ಸಿಗುತ್ತಿರಲಿಲ್ಲ, ಚಪ್ಪಲಿ ಫುಟ್‌ರೆಸ್ಟಿಗೆ ಎಟುಕದೆ ಕಾಲು ನೇತಾಡುತ್ತಿತ್ತು. ಇನ್ನೊಂದು ಶೋರೂಮಿನಲ್ಲಿ ಸುಜುಕಿ ಆಕ್ಸೆಸ್ 125. ಸೀಟು ಉದ್ದ, ಸಮತಟ್ಟು. ಅಮ್ಮ ಒಂದೇ ಸಲಕ್ಕೆ ಕೂತರು. ಎರಡು ಹಂಪ್ ದಾಟಿದ ಮೇಲೆ ಹಿಂದಿನಿಂದ, "ಇದು ಪರವಾಗಿಲ್ಲ ಕಣೋ, ಸೊಂಟಕ್ಕೆ ಬಡಿಯಲ್ಲ" ಅಂದರು. ಅದನ್ನೇ ತಗೊಂಡೆ. ಈಗಲೂ ಅದೇ ಓಡಿಸುತ್ತಿರುವುದು.

ಹಾಗಂತ ಎಲ್ಲರಿಗೂ ಆಕ್ಸೆಸ್ಸೇ ಅಂತ ಹೇಳಲಾರೆ. ನಿಮ್ಮ ದಾರಿಯಲ್ಲಿ ಗುಂಡಿ ಜಾಸ್ತಿ ಇದ್ದರೆ ಹಿಂದಿನ ಚಕ್ರ ನೋಡಿ. ಆಕ್ಸೆಸ್, ಆಕ್ಟಿವಾ 125 ಎರಡಕ್ಕೂ ಮುಂದೆ 12 ಇಂಚು, ಹಿಂದೆ 10. ಟಿವಿಎಸ್ ಜುಪಿಟರ್ 125ಕ್ಕೆ ಎರಡೂ ಕಡೆ 12. ಚಿಕ್ಕ ಚಕ್ರ ಗುಂಡಿಯೊಳಗೆ ಇಳಿದುಬಿಡುತ್ತದೆ, ದೊಡ್ಡದು ದಾಟಿಕೊಂಡು ಹೋಗುತ್ತದೆ. ಜುಪಿಟರ್ 125ರಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದಿದೆ: ಪೆಟ್ರೋಲ್ ಟ್ಯಾಂಕನ್ನು ಕಾಲಿಡುವ ಜಾಗದ ಕೆಳಗೆ ಇಟ್ಟು, ತುಂಬಿಸುವ ಬಾಯನ್ನು ಮುಂದೆ ಕೊಟ್ಟಿದ್ದಾರೆ. ಅದರಿಂದ ಡಿಕ್ಕಿ 33 ಲೀಟರಿನಷ್ಟು ದೊಡ್ಡದಾಗಿದೆ. ಬಂಕಿನಲ್ಲಿ ಇಳಿದು, ಸೀಟು ಎತ್ತಿ, ತರಕಾರಿ ಚೀಲ ಹೊರಗೆ ತೆಗೆಯುವ ಕೆಲಸವೂ ಇಲ್ಲ. ಇದನ್ನು ಮಾಡಿದವರು ದಿನಾ ಸ್ಕೂಟರ್ ಓಡಿಸುವವರನ್ನು ಸರಿಯಾಗಿ ಗಮನಿಸಿದ್ದಾರೆ.

ಊರು ಚಿಕ್ಕದು, ಮೆಕ್ಯಾನಿಕ್ ಕಡಿಮೆ ಅನ್ನುವವರು ಆಕ್ಟಿವಾ 125 ತಗೊಂಡರೆ ತಲೆನೋವಿಲ್ಲ. ಆಕ್ಟಿವಾ ಬಂದಿದ್ದು 2001ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದನ್ನು ಬಿಚ್ಚದ ಮೆಕ್ಯಾನಿಕ್ ನಮ್ಮ ಕಡೆ ಸಿಗುವುದು ಕಷ್ಟ. ಮಾರುವಾಗಲೂ ಬೇಗ ಹೋಗುತ್ತದೆ. ಭಾರದ ಗಾಡಿ ಸ್ಟ್ಯಾಂಡ್ ಹಾಕೋಕೆ ಕಷ್ಟಪಡುವವರು ಯಮಹಾ ಫ್ಯಾಸಿನೋ 125 ನೋಡಿ, 99 ಕೆ.ಜಿ. ಮಾತ್ರ. ಪಿಕಪ್ ಬೇಕೇ ಬೇಕು ಅನ್ನುವ ಹುಡುಗರಿಗೆ ಟಿವಿಎಸ್ ಎನ್‌ಟಾರ್ಕ್, ಆದರೆ ಅದು 110 ಕೆ.ಜಿ. ಮೀರುತ್ತದೆ. ಎಲೆಕ್ಟ್ರಿಕ್ ಕೂಡ ಒಳ್ಳೇದೇ, ಮನೆ ನೆಲಮಹಡಿಯಲ್ಲಿದ್ದು ಚಾರ್ಜಿಂಗ್ ಪ್ಲಗ್ ಕೈಗೆ ಸಿಗುವುದಾದರೆ. ನಾನಿರುವುದು ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿ.

ಯಾವುದೇ ತಗೊಳ್ಳಿ, ಮುಂದೆ ಡಿಸ್ಕ್ ಬ್ರೇಕ್ ಇರುವ ಮಾಡೆಲ್ಲೇ ತಗೊಳ್ಳಿ. ಕೆಲವು ಸಾವಿರ ಉಳಿಯುತ್ತೆ ಅಂತ ಡ್ರಮ್ ಬ್ರೇಕಿಗೆ ಹೋಗಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. 2019ರ ಏಪ್ರಿಲ್‌ನಿಂದ 125ರವರೆಗಿನ ಗಾಡಿಗಳಿಗೆ ಕಾಂಬಿ ಬ್ರೇಕ್ ಆದರೂ ಇರಲೇಬೇಕು ಅಂತ ನಿಯಮವಾಯಿತು. ಎಡಗೈ ಬ್ರೇಕ್ ಹಿಡಿದರೆ ಮುಂದಿನದೂ ಸ್ವಲ್ಪ ಹಿಡಿಯುತ್ತದೆ. ಅದಿದ್ದೂ ಮಳೆಯಲ್ಲಿ ಡಿಸ್ಕಿನ ಹಿಡಿತವೇ ಬೇರೆ. ಒಂದು ಸಂಜೆ ಕಡಕೊಳದ ಹತ್ತಿರ, ತುಂತುರು ಮಳೆ, ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಹಿಂದಿನ ದೀಪವೇ ಇರಲಿಲ್ಲ, ಅದು ನಿಂತಿದೆ ಅಂತ ಗೊತ್ತಾಗುವಷ್ಟರಲ್ಲಿ ನಾನು ತೀರಾ ಹತ್ತಿರ ಬಂದುಬಿಟ್ಟಿದ್ದೆ. ಗಾಡಿ ಜಾರದೆ ನಿಂತಿತು. ಕಬ್ಬಿನ ತುದಿ ಹೆಲ್ಮೆಟ್ಟಿನ ಗಾಜಿಗೆ ತಾಗುತ್ತಿತ್ತು.

ದುಡ್ಡಿನ ವಿಷಯ ಸ್ವಲ್ಪ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಜಾಹೀರಾತಿನಲ್ಲಿ ಎಕ್ಸ್ ಶೋರೂಂ ಬೆಲೆ ನೋಡಿ ಹೋಗಬೇಡಿ, ಲೈಫ್‌ಟೈಮ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರಿದ ಆನ್‌ರೋಡ್ ಬೆಲೆಯನ್ನು ಸಾಲುಸಾಲಾಗಿ ಬರೆಸಿಕೊಳ್ಳಿ. ನನಗೆ ಬರೆದುಕೊಟ್ಟ ಚೀಟಿಯಲ್ಲಿ ಕೇಳದೇ ಇದ್ದ ಪಾಲಿಶ್, ಫ್ಲೋರ್ ಮ್ಯಾಟ್, 'ಹ್ಯಾಂಡ್ಲಿಂಗ್' ಎಲ್ಲ ಸೇರಿ 4,800 ರೂಪಾಯಿ ಇತ್ತು. ಒಂದೊಂದಕ್ಕೂ ಬೆರಳಿಟ್ಟು ಇದು ಯಾಕೆ ಅಂದೆ. ಮೂರು ಸಾಲು ಹೊಡೆದು ಹಾಕಿದರು. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ, ಆದರೆ ಅದನ್ನು ಶೋರೂಮಿನಲ್ಲೇ ಮಾಡಿಸಬೇಕು ಅಂತಿಲ್ಲ. 15 ಲಕ್ಷದ ಪರ್ಸನಲ್ ಆಕ್ಸಿಡೆಂಟ್ ಕವರ್ ನಿಮ್ಮ ಹೆಸರಲ್ಲಿ ಮೊದಲೇ ಇದ್ದರೆ ಮತ್ತೆ ಕಟ್ಟಬೇಕಿಲ್ಲ. ಅದನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಎರಡು ಐಎಸ್‌ಐ ಹೆಲ್ಮೆಟ್ಟಿಗೆ ದುಡ್ಡು ಮೊದಲೇ ಎತ್ತಿಡಿ. ಹಿಂದೆ ಕೂತವರಿಗೂ ನಮ್ಮಲ್ಲಿ 2016ರಿಂದ ಕಡ್ಡಾಯ.

ಮುಂದಿನ ಖರ್ಚಲ್ಲಿ ದೊಡ್ಡದು ಬೆಲ್ಟ್. ಗೇರಿಲ್ಲದ ಗಾಡಿಯಲ್ಲಿ ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವುದು ಒಂದು ರಬ್ಬರ್ ಬೆಲ್ಟಿನ ಮೂಲಕ. 20 ಸಾವಿರ ಕಿ.ಮೀ. ದಾಟಿದ ಮೇಲೆ ಬಿಚ್ಚಿಸಿ ನೋಡಿಸುತ್ತಿರಿ. ಬಿರುಕು ಕಂಡರೆ ಆವತ್ತೇ ಬದಲಾಯಿಸಿ, ದಾರಿಯಲ್ಲಿ ತುಂಡಾದರೆ ಎಂಜಿನ್ ಓಡುತ್ತಿರುತ್ತದೆ, ಗಾಡಿ ಮಾತ್ರ ಕದಲುವುದಿಲ್ಲ.

ಮೈಸೂರಿನವರೇ ಆಗಿದ್ದರೆ ಭಾನುವಾರ ಬೆಳಿಗ್ಗೆ ಮನೆಗೆ ಬನ್ನಿ. ನನ್ನ ಗಾಡಿಯಲ್ಲಿ ನಿಮ್ಮ ತಾಯಿಯವರನ್ನೋ ಮನೆಯವರನ್ನೋ ಕೂರಿಸಿಕೊಂಡು ಬೆಟ್ಟಕ್ಕೆ ಒಂದು ರೌಂಡ್ ಹೋಗಿ ಬನ್ನಿ. ಎರಡು ಹೆಲ್ಮೆಟ್ ತೆಗೆದಿಟ್ಟಿರುತ್ತೇನೆ.