ಚಿಕ್ಕಮ್ಮನ ಎಂಜಲು ಅಮೆರಿಕಕ್ಕೆ ಹೊರಟಿತು

ಈ ವಾರ ನಮ್ಮ ಚಿಕ್ಕಮ್ಮನ ಎಂಜಲು ಅಮೆರಿಕಕ್ಕೆ ಹೊರಟಿತು. ಚಿಕ್ಕಮ್ಮ ಇನ್ನೂ ತೀರ್ಥಹಳ್ಳಿ ಕಡೆಯ ಮನೆಯಲ್ಲೇ ಇದ್ದಾಳೆ.

ಮಗಳಿಗೆ ಅಲ್ಲಿನ ಪೌರತ್ವ ಸಿಕ್ಕಿದೆ. ಅಮ್ಮನನ್ನು ಕರೆಸಿಕೊಳ್ಳೋಣ ಅಂತ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದಳು. ಮುಂಬೈ ಕಾನ್ಸುಲೇಟಿನಲ್ಲಿ ಸಂದರ್ಶನವೂ ಆಯ್ತು. ವೀಸಾ ಬರುತ್ತೆ ಅಂದುಕೊಂಡಿದ್ದರೆ ಬಂದಿದ್ದು 221(ಜಿ) ಚೀಟಿ, ಅಂದರೆ ಕೇಳಿದ್ದನ್ನು ಒದಗಿಸುವ ತನಕ ವೀಸಾ ಇಲ್ಲ ಅನ್ನುವ ಚೀಟಿ. ಮಗಳ ಜನನ ಪ್ರಮಾಣಪತ್ರ ಹುಟ್ಟಿ ಎಷ್ಟೋ ವರ್ಷ ಆದ ಮೇಲೆ ಮಾಡಿಸಿದ್ದು, ಅದೊಂದನ್ನೇ ನಂಬೋಕಾಗಲ್ಲ, ತಾಯಿ ಮಗಳ ಡಿಎನ್ಎ ಪರೀಕ್ಷೆ ಮಾಡಿಸಬಹುದು ಅಂತ. 'ಮಾಡಿಸಬಹುದು' ಅಂದರೆ ಬಲವಂತ ಏನಿಲ್ಲ. ಮಾಡಿಸದಿದ್ದರೆ ಫೈಲು ಅಲ್ಲೇ ಕೂತಿರುತ್ತೆ, ಅಷ್ಟೇ.

ಹಾಗಾಗಿ ಚಿಕ್ಕಮ್ಮನ ಜೊತೆ ಮತ್ತೆ ಮುಂಬೈಗೆ ಹೋದವಳು ನಾನು. ಅವಳಿಗೆ ಹಿಂದಿ ಬರಲ್ಲ. ನನಗೆ ಸಿನಿಮಾ ನೋಡಿ ಕಲಿತಷ್ಟು ಬರುತ್ತೆ.

ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಇಷ್ಟೇ. ಹತ್ತಿ ಸುತ್ತಿದ ಕಡ್ಡಿಯನ್ನು ಕೆನ್ನೆಯ ಒಳಗೆ ಉಜ್ಜಿ ತೆಗೆಯುವುದು. ಅದಕ್ಕೆ ಮೊದಲು ಬಾಯಿ ಸ್ವಚ್ಛ ಇರಬೇಕು. ಐವತ್ತು ವರ್ಷದಿಂದ ಎಲೆ ಅಡಿಕೆ ಹಾಕುವ ಬಾಯಿ! ಬೆಳಿಗ್ಗೆಯಿಂದ ಹಾಕಿಲ್ಲ ಅಂತ ಚಿಕ್ಕಮ್ಮ ಆಣೆ ಮಾಡಿ ಹೇಳಿದಳು. ನರ್ಸ್ ಲೋಟದಲ್ಲಿ ನೀರು ಕೊಟ್ಟು ಬಾಯಿ ಮುಕ್ಕಳಿಸಿ ಅಂದಳು. ಸಿಂಕಿಗೆ ಉಗುಳಿದ ನೀರು ಕೆಂಪು. ಇನ್ನೊಂದು ಲೋಟ, ಮತ್ತೂ ಕೆಂಪು. ನರ್ಸ್ ನನ್ನ ಮುಖ ನೋಡಿದಳು, ನಾನು ಚಿಕ್ಕಮ್ಮನ ಮುಖ ನೋಡಿದೆ. "ಬಸ್ಸಲ್ಲಿ ಒಂದು ಚೂರು ಹಾಕಿದ್ದೆ ಮಾರಾಯ್ತಿ, ಬರೀ ಅಡಿಕೆ" ಅಂದಳು. ಬರೀ ಅಡಿಕೆಗೆ ನೀರು ಅಷ್ಟು ಕೆಂಪಾಗಲ್ಲ ಅಂತ ಮಲೆನಾಡಿನವರಿಗೆ ಹೇಳಬೇಕಾ? ಬಾಯಿ ತೊಳೆದು ತೊಳೆದು ನೀರು ಬಿಳಿಯಾಗುವ ತನಕ ಕೂರಿಸಿದರು. ಪಾಪ, ಆ ನರ್ಸ್ ಒಳ್ಳೆಯವಳು, ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಮುಖ ಸಿಂಡರಿಸುವ ಕೆಲಸಕ್ಕೆ ಬೇರೆ ಒಬ್ಬನಿದ್ದ. ಕಾಗದಪತ್ರ ನೋಡುವ ಹುಡುಗ. ಒಂದು ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡೇ ಪಾಸ್‌ಪೋರ್ಟ್ ಪುಟ ತಿರುವಿದ, ಫೋಟೋ ತೆಗೆದ, ಸಹಿ ಹಾಕಿಸಿಕೊಂಡ. ಆಮೇಲೆ ತಲೆ ಎತ್ತದೆ ಕೇಳಿದ: "ಮಾತಾಜೀ, ಬೇಟಿ ಆಪ್ ಕೀ ಹೀ ಹೈ ನಾ? ಗ್ಯಾರಂಟಿ?"

ಚಿಕ್ಕಮ್ಮನಿಗೆ ಗ್ಯಾರಂಟಿ ಅನ್ನುವುದೊಂದು ಅರ್ಥವಾಯಿತು. ಕರ್ನಾಟಕದಲ್ಲಿ ಈಗ ಆ ಮಾತು ಯಾರಿಗೆ ಗೊತ್ತಿಲ್ಲ? ಏನಂತೆ ಅಂತ ನನ್ನನ್ನು ಕೇಳಿದಳು. ಮಗಳು ನಿನ್ನವಳೇ ಅಂತ ಗ್ಯಾರಂಟಿನಾ ಅಂತ ಕೇಳ್ತಿದಾನೆ ಅಂದೆ.

"ಗ್ಯಾರಂಟಿ ಕೊಡೋಕೆ ಅವಳೇನು ಮಿಕ್ಸಿನಾ? ನಾನು ಹೆರುವಾಗ ಇವನೆಲ್ಲಿದ್ದ ಕೇಳು."

ನಾನು ಅಷ್ಟೆಲ್ಲ ಹೇಳಲಿಲ್ಲ. ಹೌದಂತೆ ಅಂದೆ. ಅವನು ಟಿಕ್ ಹಾಕಿದ.

ಊರಿಗೆ ಬಂದ ಮೇಲೂ ಇದೇ ತಲೆಯಲ್ಲಿ ಕೊರೀತಿದೆ. ಅವಳ ಮಾತೇ ಸಾಕು ಅನ್ನುವುದಾದರೆ ಕಡ್ಡಿ ಯಾಕೆ? ಕಡ್ಡಿ ಹೇಳಿದ್ದೇ ಸತ್ಯ ಅನ್ನುವುದಾದರೆ ಅವಳನ್ನು ಕೇಳಿದ್ದು ಯಾಕೆ? ಫಾರಂನಲ್ಲಿ ಅಂಥ ಪ್ರಶ್ನೆ ಇತ್ತಾ, ಇವನದೇ ಸ್ವಂತ ಉತ್ಸಾಹವಾ? ನನಗಂತೂ ಎರಡನೆಯದೇ ಅನ್ನಿಸುತ್ತೆ. ಸಣ್ಣ ಅಧಿಕಾರ ಕೈಗೆ ಬಂದವರಿಗೆ ಒಂದು ಪ್ರಶ್ನೆ ಜಾಸ್ತಿ ಕೇಳುವ ಚಟ ಇರುತ್ತೆ.

ಇಲ್ಲಿ ಚಿಕ್ಕಮ್ಮನ ಮೇಲೆ ಅನುಮಾನ ಬಂದಿದ್ದು ಯಾಕೆ ಅಂತ ನೋಡಿದರೆ ಇನ್ನೂ ಬೇಜಾರಾಗುತ್ತೆ. ಮಗಳು ಹುಟ್ಟಿದ್ದು 1978ರ ಮಳೆಗಾಲದಲ್ಲಿ, ಮನೆಯಲ್ಲಿ. ಹೊಳೆ ತುಂಬಿ ರಸ್ತೆ ಕಟ್ಟಾಗಿತ್ತು. ಹೆರಿಗೆ ಮಾಡಿಸಿದವಳು ಊರಿನ ಸೂಲಗಿತ್ತಿ. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತು ನಿಜ. ಆದರೆ ಅದು ನಮ್ಮ ಹಳ್ಳಿಯ ತನಕ ನಡೆದು ಬರೋಕೆ ಎಷ್ಟು ಹೊತ್ತು ಬೇಕಾಯ್ತು ಅಂತ ಆ ಕಾಲದವರನ್ನು ಕೇಳಿ. ಮಗು ಹುಟ್ಟಿದ್ದನ್ನು ಬರೆಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು. ನಮ್ಮ ಕಡೆ ಆ ತಲೆಮಾರಿನ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು! ಆಮೇಲೆ ಪಾಸ್‌ಪೋರ್ಟ್ ಬೇಕಾದಾಗ ಕೋರ್ಟಿಗೆ ಅಲೆದು, ಆದೇಶ ತಂದು, ಪ್ರಮಾಣಪತ್ರ ಮಾಡಿಸಿದ್ದು. ವರ್ಷ ದಾಟಿದ ನೋಂದಣಿಗೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು ಅಂತ ಕಾನೂನೇ ಹೇಳಿತ್ತು. ಕಾನೂನು ಹೇಳಿದಂತೆ ಮಾಡಿಸಿದ ಕಾಗದವೇ ಈಗ ಅನುಮಾನದ ಕಾಗದ.

ಪಾವಗಡದ ಸೂಲಗಿತ್ತಿ ನರಸಮ್ಮ ನೆನಪಾಗುತ್ತಾರೆ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಅಜ್ಜಿ, ಒಂದು ಪೈಸೆ ಕೇಳದೆ. 2018ರಲ್ಲಿ ಪದ್ಮಶ್ರೀ ಕೊಟ್ಟರು. ಆ ಅಜ್ಜಿಯ ಕೈಯಲ್ಲಿ ಹುಟ್ಟಿದ ಮಕ್ಕಳಲ್ಲಿ ಯಾರಾದರೂ ಅಮ್ಮನನ್ನು ವಿದೇಶಕ್ಕೆ ಕರೆಸಿಕೊಳ್ಳಬೇಕು ಅಂದರೆ ಅವರಿಗೂ ಇದೇ ಪಾಡು. ಪದ್ಮಶ್ರೀ ತೋರಿಸಿದರೆ ಕಾನ್ಸುಲೇಟ್ ಒಪ್ಪಲ್ಲ.

ಪರೀಕ್ಷೆಯ ಕ್ರಮ ಮಾತ್ರ ಬಿಗಿ, ಅದನ್ನು ಮೆಚ್ಚಲೇಬೇಕು. ಮಾನ್ಯತೆ ಇರುವ ಲ್ಯಾಬನ್ನು ಅಮೆರಿಕದಲ್ಲಿರುವ ಮಗಳು ಆರಿಸಿಕೊಳ್ಳಬೇಕು. ದುಡ್ಡೂ ಅವಳದ್ದೇ. ಕಿಟ್ ನಮ್ಮ ಕೈಗೆ ಬರಲ್ಲ. ಸಾಕ್ಷಿಯ ಎದುರಿಗೇ ಕಡ್ಡಿ ಉಜ್ಜಬೇಕು, ಲಕೋಟೆಗೆ ಹಾಕಿ ಸೀಲ್ ಮಾಡಿ ನೇರ ಲ್ಯಾಬಿಗೆ ಕಳಿಸಬೇಕು. ಮೇಜಿನ ಮೇಲಿನ ಲಕೋಟೆ ಚೆನ್ನಾಗಿದೆ ಅಂತ ಚಿಕ್ಕಮ್ಮ ಸುಮ್ನೆ ಮುಟ್ಟಲು ಹೋದಾಗ ಆ ಇಯರ್‌ಫೋನ್ ಹುಡುಗ "ಹಾಥ್ ಮತ್ ಲಗಾಓ" ಅಂದ. ಅವಳದೇ ಎಂಜಲು, ಅವಳೇ ಮುಟ್ಟುವಂತಿಲ್ಲ. ಮಡಿ ಮೈಲಿಗೆ ನಮ್ಮಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ. ಕೊನೆಗೆ ಸಂಬಂಧ ಶೇಕಡಾ 99.5 ಅಥವಾ ಅದಕ್ಕಿಂತ ಜಾಸ್ತಿ ಖಚಿತ ಅಂತ ಬಂದರೆ ಒಪ್ಪುತ್ತಾರೆ.

ವಾಪಸ್ ಬರುವಾಗ ಟ್ಯಾಕ್ಸಿಯಲ್ಲಿ ಚಿಕ್ಕಮ್ಮ ಕೇಳಿದಳು, "ಅವನದ್ದು ಮಾಡಿಸಿದ್ರೆ ಏನು ಬರ್ತಿತ್ತು?"

ಅವನು ಅಂದರೆ ಶಿವಮೊಗ್ಗದಲ್ಲಿರುವ ಅಣ್ಣ. ನಮ್ಮ ದೊಡ್ಡಮ್ಮನ ಮಗ. ದೊಡ್ಡಮ್ಮ ಬಾಣಂತನದಲ್ಲೇ ಹೋದಳು, ಮಗುವನ್ನು ಚಿಕ್ಕಮ್ಮ ಎತ್ತಿಕೊಂಡು ಬಂದಳು. ದತ್ತು, ಕಾಗದ, ಅದೆಲ್ಲ ಯಾರು ಮಾಡಿಸಿದ್ದರು? ಅವನು ಅಮ್ಮ ಅಂತ ಕರೆಯುವುದು ಇವಳನ್ನೇ. ತಿಂಗಳ ಬಿಪಿ ಮಾತ್ರೆ ತಂದುಕೊಡುವವನು, ಅಡಿಕೆ ಕೊಯ್ಲಿಗೆ ರಜೆ ಹಾಕಿ ಬರುವವನು, ಚಿಕ್ಕಪ್ಪನಿಗೆ ಕೊಳ್ಳಿ ಇಟ್ಟವನು ಅವನೇ.

ಇಲ್ಲ ಅಂತ ಬರ್ತಿತ್ತು ಚಿಕ್ಕಮ್ಮ, ಅಂದೆ. ತಾಯಿ ಮಗ ಅಲ್ಲ ಅಂತ.

"ಹಂಗಾದ್ರೆ ಈ ಟೆಸ್ಟಿಗೆ ಅರ್ಧಂಬರ್ಧ ಗೊತ್ತು" ಅಂದು ಕಿಟಕಿ ಕಡೆ ತಿರುಗಿ ಕೂತಳು.

ಇದು ಸುಮ್ನೆ ಅಜ್ಜಿಯ ಮಾತು ಅಂತ ತಳ್ಳಿಹಾಕೋಕಾಗಲ್ಲ. 2008ರಲ್ಲಿ ಅಮೆರಿಕದವರು ಕೀನ್ಯಾದ ನೈರೋಬಿಯಲ್ಲಿ ನಿರಾಶ್ರಿತರ ಮೇಲೆ ಇದೇ ಪರೀಕ್ಷೆ ಮಾಡಿದರು. ಮೊದಲೇ ಅಮೆರಿಕ ಸೇರಿದ್ದ ಸಂಬಂಧಿಕರ ಹತ್ತಿರ ಹೋಗಲು ಕಾದಿದ್ದ ಸೊಮಾಲಿಯಾ, ಇಥಿಯೋಪಿಯಾ ಕಡೆಯ ಕುಟುಂಬಗಳು ಅವು. ಹೇಳಿಕೊಂಡ ರಕ್ತಸಂಬಂಧ ಬಹುಪಾಲು ಪ್ರಕರಣಗಳಲ್ಲಿ ಖಚಿತವಾಗಲಿಲ್ಲ. ಕೆಲವರು ಪರೀಕ್ಷೆಗೇ ಬರಲಿಲ್ಲ. ಮೋಸ ಅಂತ, ಹೀಗೆ ಸಂಬಂಧಿಕರನ್ನು ಕರೆಸಿಕೊಳ್ಳುವ ಯೋಜನೆಯನ್ನೇ ನಿಲ್ಲಿಸಿದರು. 2012ರಲ್ಲಿ ಮತ್ತೆ ಶುರುವಾಗುವಾಗ ಡಿಎನ್ಎ ಕಡ್ಡಾಯವಾಗಿತ್ತು. ಸುಳ್ಳು ಹೇಳಿದವರು ಖಂಡಿತ ಇದ್ದಿರಬೇಕು. ಅರ್ಜಿಯಲ್ಲಿ ಜಾಗ ಮಾರಿಕೊಳ್ಳುವ ದಲ್ಲಾಳಿಗಳು ಎಲ್ಲಿಲ್ಲ? ಆದರೆ ಯುದ್ಧದಲ್ಲಿ ಸತ್ತ ತಂಗಿಯ ಮಗುವನ್ನು ಎತ್ತಿಕೊಂಡು ಓಡಿಬಂದು, ಕೇಳಿದವರಿಗೆ ನನ್ನ ಮಗ ಅಂದವಳೂ ಆ ಲೆಕ್ಕದಲ್ಲಿ ಮೋಸಗಾತಿಯೇ. ನಮ್ಮ ಚಿಕ್ಕಮ್ಮ ಹೇಳೋದೂ ಅದನ್ನೇ ತಾನೇ?

ಹಾಗಂತ ಡಿಎನ್ಎ ಪರೀಕ್ಷೆಯನ್ನು ಬೈದು ಬಿಡೋಕೂ ನನಗೆ ಮನಸ್ಸಿಲ್ಲ. ಇದು ಮೊಟ್ಟಮೊದಲು ಬಳಕೆಗೆ ಬಂದಿದ್ದು ಕೊಲೆಗಾರನನ್ನು ಹಿಡಿಯೋಕಲ್ಲ, ಒಬ್ಬ ಹುಡುಗನನ್ನು ಅವನ ಅಮ್ಮನ ಹತ್ತಿರ ಉಳಿಸೋಕೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ 1984ರಲ್ಲಿ ಡಿಎನ್ಎ ಬೆರಳಚ್ಚು ಕಂಡುಹಿಡಿದರು. ಅದೇ ಹೊತ್ತಿಗೆ ಘಾನಾದಿಂದ ವಾಪಸ್ ಬಂದ ಒಬ್ಬ ಹುಡುಗನನ್ನು ಬ್ರಿಟನ್ನಿನ ಅಧಿಕಾರಿಗಳು ನಂಬಿರಲಿಲ್ಲ. ಇವನು ಈ ಹೆಂಗಸಿನ ಮಗನೇ ಅಲ್ಲ, ಅಕ್ಕತಂಗಿಯರ ಯಾರದೋ ಮಗ ಇರಬೇಕು ಅನ್ನುವ ಅನುಮಾನ. ಪೇಪರಿನಲ್ಲಿ ಜೆಫ್ರೀಸ್ ವಿಷಯ ಓದಿದ ವಕೀಲರು ಅವರಿಗೆ ಪತ್ರ ಬರೆದರು. ಅಪ್ಪ ಸಿಗಲಿಲ್ಲ. ತಾಯಿಯ ರಕ್ತ, ಉಳಿದ ಮೂರು ಮಕ್ಕಳ ರಕ್ತ ಇಟ್ಟುಕೊಂಡೇ ಅಪ್ಪನ ಗುರುತು ಲೆಕ್ಕ ಹಾಕಿ, ಇವನು ಈ ತಾಯಿಯ ಮಗನೇ ಅಂತ 1985ರಲ್ಲಿ ತೋರಿಸಿಕೊಟ್ಟರು. ಸರ್ಕಾರ ಬಾಯಿ ಮುಚ್ಚಿಕೊಂಡು ಒಪ್ಪಿತು. ಬಡವರಿಗೆ ಕಾಗದ ಇಲ್ಲದಿದ್ದಾಗ ಮೈಯೇ ಸಾಕ್ಷಿ ಹೇಳಿದರೆ ಒಳ್ಳೆಯದೇ ಅಲ್ವಾ?

ಒಳ್ಳೆಯದೇ. ಬೇರೆ ದಾರಿ ಇಲ್ಲದವರಿಗೆ ಸಿಕ್ಕಿದ ದಾರಿ ಅದು. ಆದರೆ ಸರ್ಕಾರಗಳಿಗೆ ರುಚಿ ಹತ್ತಿಬಿಡುತ್ತೆ. ಬ್ರಿಟನ್ನಿನಲ್ಲೇ, ಕಾನೂನಿನ ಬೆಂಬಲವಿಲ್ಲದೆ ವಲಸಿಗರಿಂದ ಕಡ್ಡಾಯ ಅಂತ ಡಿಎನ್ಎ ಕೇಳುತ್ತಿದ್ದುದು ಬಯಲಾಗಿ 2018ರಲ್ಲಿ ಗೃಹ ಸಚಿವ ಸಾಜಿದ್ ಜಾವಿದ್ ಕ್ಷಮೆ ಕೇಳಬೇಕಾಯ್ತು. ಹಾಗೆ ಕೇಳಿಸಿಕೊಂಡವರಲ್ಲಿ ಬ್ರಿಟಿಷ್ ಸೇನೆಗೆ ದುಡಿದ ಗೂರ್ಖಾಗಳ ಮನೆಯವರೂ ಇದ್ದರು. ನಮ್ಮ ಮಂಗಳೂರು, ಉಡುಪಿ, ಕುಂದಾಪುರದವರು ಜಾಸ್ತಿ ಇರುವ ಕುವೈತ್ ಅಂತೂ 2015ರಲ್ಲಿ ಮಸೀದಿಯ ಮೇಲೆ ಬಾಂಬ್ ದಾಳಿ ಆದ ಮೇಲೆ ಭದ್ರತೆ ಹೆಸರಲ್ಲಿ ದೇಶದಲ್ಲಿರುವ ಎಲ್ಲರ ಡಿಎನ್ಎ ತೆಗೀತೀವಿ ಅಂತ ಕಾನೂನೇ ಮಾಡಿತ್ತು. ಪ್ರಜೆಗಳು, ದುಡಿಯೋಕೆ ಹೋದವರು, ನೋಡೋಕೆ ಬಂದವರು, ಯಾರನ್ನೂ ಬಿಟ್ಟಿರಲಿಲ್ಲ. ಕೊಡದಿದ್ದರೆ ಜೈಲು. 2017ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಅಷ್ಟು ಹೊತ್ತಿಗೆ ಅಲ್ಲಿದ್ದ ನಮ್ಮವರನ್ನು ಯಾರಾದರೂ ಬಂದು ಕೇಳಿದ್ದರೆ ಅವರು ಏನು ಮಾಡಬೇಕಿತ್ತು? ಬಾಯಿ ತೆರೆಯೋದೇ ತಾನೇ. ಸಂಬಳದ ಮೇಲೆ ಊರಲ್ಲಿ ಮನೆ ಕಟ್ಟಲು ಸಾಲ ತೆಗೆದವನು ಸರ್ಕಾರಕ್ಕೆ ಇಲ್ಲ ಅನ್ನೋಕಾಗುತ್ತಾ?

ಅಮೆರಿಕದಲ್ಲಿ 2020ರಿಂದ ವಲಸೆ ಅಧಿಕಾರಿಗಳು ಬಂಧಿಸಿಟ್ಟವರ ಡಿಎನ್ಎ ತೆಗೆದು ಎಫ್‌ಬಿಐ ನಡೆಸುವ ಅಪರಾಧಿಗಳ ಪಟ್ಟಿಗೆ ಸೇರಿಸುತ್ತಿದ್ದಾರೆ. ಗಡಿ ದಾಟಿದ್ದು ಬಿಟ್ಟರೆ ಬೇರೆ ಆರೋಪವೇ ಇಲ್ಲದವರೂ ಅದರಲ್ಲಿ ಬರುತ್ತಾರೆ. ಚಿಕ್ಕಮ್ಮನದ್ದು ಆ ದಾರಿಯಲ್ಲ, ಲ್ಯಾಬು ಬೇರೆ, ಕಾನೂನು ಬೇರೆ. ಆದರೂ 2025ರ ನವೆಂಬರಿನಲ್ಲಿ ಬಂದ ಹೊಸ ಪ್ರಸ್ತಾಪ ನೋಡಿದರೆ ವಲಸೆಗೆ ಅರ್ಜಿ ಹಾಕಿದವರಷ್ಟೇ ಅಲ್ಲ, ಅವರನ್ನು ಕರೆಸಿಕೊಳ್ಳುವ ಅಮೆರಿಕದ ಪ್ರಜೆಗಳೂ ಮುಖ, ಬೆರಳು, ಬೇಕೆಂದಾಗ ಡಿಎನ್ಎ ಕೊಡಬೇಕು, ಚಿಕ್ಕ ಮಕ್ಕಳಿಗೂ ವಿನಾಯಿತಿ ಇಲ್ಲ ಅಂತಿದೆ. ನಮ್ಮ ತಂಗಿ ಪೌರತ್ವ ಸಿಕ್ಕಿದ ದಿನ ಬಾವುಟ ಹಿಡಿದು ಫೋಟೋ ಹಾಕಿದ್ದಳು, ಇನ್ನು ಈ ವೀಸಾ ಕಾಟ ಮುಗೀತು ಅಂತ. ಎಲ್ಲಿ ಮುಗೀತು?

ನಗು ಬರುವುದು ಏನು ಗೊತ್ತಾ? ಇದೇ ಚಿಕ್ಕಮ್ಮನ ಹೆಬ್ಬೆಟ್ಟು ರೇಷನ್ ಅಂಗಡಿಯ ಮಿಷನ್ನಿಗೆ ಹೊಂದಲ್ಲ. ಅಡಿಕೆ ಸುಲಿದೂ ಸುಲಿದೂ ಬೆರಳಿನ ಗೆರೆ ಸವೆದುಹೋಗಿದೆ. ಹೆಬ್ಬೆಟ್ಟು ಒತ್ತು, ಒರೆಸು, ಮತ್ತೆ ಒತ್ತು. ಅಂಗಡಿಯವನಿಗೆ ಅವಳು ಯಾರು, ಯಾರ ಮನೆಯವಳು, ಯಾವ ಹಬ್ಬಕ್ಕೆ ಎಷ್ಟು ಬೆಲ್ಲ ಒಯ್ಯುತ್ತಾಳೆ ಎಲ್ಲ ಗೊತ್ತು. ಆದರೂ ಮಿಷನ್ ಒಪ್ಪೋ ತನಕ ಅಕ್ಕಿ ಇಲ್ಲ. ನಮ್ಮ ಸರ್ಕಾರಕ್ಕೆ ಅವಳ ಬೆರಳು ಸಾಲದು, ಅವರ ಸರ್ಕಾರಕ್ಕೆ ಅವಳ ಮಾತು ಸಾಲದು.

ನಿನ್ನೆ ರಾತ್ರಿ ತಂಗಿ ಫೋನ್ ಮಾಡಿದ್ದಳು. ಅವಳು ನ್ಯೂಜೆರ್ಸಿಯಲ್ಲಿ ಕೊಟ್ಟು ಬಂದಳಂತೆ. ಲೈಸೆನ್ಸ್ ತೋರಿಸಿದಳು, ಬಾಯಿ ತೆರೆದಳು, ಬಂದಳು. ಆಕೆ ನಿನ್ನ ಅಮ್ಮನೇ ಅಂತ ಗ್ಯಾರಂಟಿನಾ ಅಂತ ಅವಳನ್ನು ಯಾರೂ ಕೇಳಲಿಲ್ಲ. ಇಲ್ಲಿ ಆಗಿದ್ದು ಕೇಳಿ ಅವಳಿಗೆ ಕೋಪ ಬಂತು, ಆಸ್ಪತ್ರೆಗೆ ಬರೀತೀನಿ ಅಂದಳು. ಅವಳ ಗಂಡ ಬೇಡ ಅಂದ, ಫೈಲಿಗೆ ತೊಂದರೆ ಆದೀತು ಅಂತ. ಆತ ಯಾವಾಗಲೂ ಹಾಗೇ, ಎಲ್ಲದಕ್ಕೂ ಎಕ್ಸೆಲ್ ಶೀಟು, ಯಾವುದಕ್ಕೂ ಜಗಳ ಇಲ್ಲ. ಈ ವಿಷಯದಲ್ಲಿ ಮಾತ್ರ ಅವನು ಹೇಳಿದ್ದೇ ನಡೆಯುತ್ತೆ ಅಂತ ಮೂವರಿಗೂ ಗೊತ್ತು. ಕಾಯುವ ಫೈಲು ಇರುವವರು ದೂರು ಬರೆಯಲ್ಲ.

ಚಿಕ್ಕಮ್ಮನ ತಕರಾರು ಬೇರೆ. ವರದಿ ಲ್ಯಾಬಿನಿಂದ ನೇರ ಕಾನ್ಸುಲೇಟಿಗೆ ಹೋಗುತ್ತೆ, ಮಗಳಿಗೆ ಒಂದು ಪ್ರತಿ ಬರುತ್ತೆ ಅಂತ ಹೇಳಿದೆ. "ನನಗೆ?" ಅಂದಳು. ನಿನಗೆ ಇಂಗ್ಲಿಷ್ ಓದೋಕೆ ಬರಲ್ವಲ್ಲ ಅಂದೆ. ಓದೋಕಲ್ಲ, ಮುಂದಿನ ಸಲ ಯಾರಾದ್ರೂ ಕೇಳಿದ್ರೆ ಮುಖಕ್ಕೆ ಹಿಡಿಯೋಕೆ ಅಂದಳು. ಬಂದ ತಕ್ಷಣ ನನಗೆ ವಾಟ್ಸಾಪ್ ಮಾಡು ಅಂತ ತಂಗಿಗೆ ಹೇಳಿದ್ದೇನೆ. ಬಣ್ಣದ ಪ್ರಿಂಟೇ ಬೇಕಂತೆ.