'ಸ್ಕ್ಯಾನ್ ಮಾಡಿದ್ರೆ ಮುಗೀತಲ್ಲ?' ಅನ್ನುವವರಿಗೆ

ಮನೆಯಲ್ಲಿರುವ ಪುಸ್ತಕಗಳ ಪಟ್ಟಿ ಇಟ್ಟುಕೊಳ್ಳಲು ಹೊಸದೊಂದು ಆನ್‌ಲೈನ್ ಸೇವೆ ನಡೆಸುತ್ತಿದ್ದೇನೆ ಅಂದ ಕೂಡಲೇ ಎದುರಿಗಿದ್ದವರು ಕೇಳುವುದು ಒಂದೇ ಪ್ರಶ್ನೆ: "ಬಾರ್‌ಕೋಡ್ ಸ್ಕ್ಯಾನ್ ಮಾಡಿದ್ರೆ ಎಲ್ಲಾ ತಾನಾಗೇ ಬರುತ್ತಲ್ಲ, ಮತ್ತೆ ನಿಮಗೇನು ಕೆಲಸ?" ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಎಕ್ಸೆಲ್ ಇದೆಯಲ್ಲ ಸ್ವಾಮಿ" ಅನ್ನುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರು ಕೇಳಿದರೂ ಇದನ್ನೇ ಓದಲು ಕೊಡುತ್ತೇನೆ.

ಮೊದಲನೆಯದಾಗಿ, ಏನೂ ತಾನಾಗಿ ಬರುವುದಿಲ್ಲ. ಬಾರ್‌ಕೋಡಿನಲ್ಲಿ ಇರುವುದು ಬರೀ 13 ಅಂಕಿ. ಪುಸ್ತಕದ ಹೆಸರಿಲ್ಲ, ಲೇಖಕರಿಲ್ಲ, ಪುಟಸಂಖ್ಯೆಯಿಲ್ಲ. 978 ಅಥವಾ 979ರಿಂದ ಶುರುವಾದರೆ ಅದು ಐಎಸ್‌ಬಿಎನ್, ಅಂದರೆ ಪುಸ್ತಕಗಳಿಗೆಂದೇ ಕೊಡುವ ಅಂತರರಾಷ್ಟ್ರೀಯ ಗುರುತು ಸಂಖ್ಯೆ, ಇರಬಹುದು. 'ಇರಬಹುದು' ಅಂದೆ, ಯಾಕೆಂದರೆ 979 ಆದ ಮೇಲೆ ಸೊನ್ನೆ ಬಂದರೆ ಅದು ಸಂಗೀತದ ಸ್ವರಲಿಪಿ ಪ್ರಕಟಣೆಗಳಿಗೆ ಮೀಸಲಾದ ಸಂಖ್ಯೆ. ಕೆಲವು ಪುಸ್ತಕಗಳಲ್ಲಿ ದೊಡ್ಡ ಬಾರ್‌ಕೋಡಿನ ಬಲಕ್ಕೆ ಐದು ಅಂಕಿಯ ಚಿಕ್ಕದೊಂದು ಬಾರ್‌ಕೋಡ್ ಇರುತ್ತದೆ. ಅದು ಸಾಮಾನ್ಯವಾಗಿ ಬೆಲೆಗೆ. ಕೆಲವು ಸ್ಕ್ಯಾನರ್‌ಗಳು ಎರಡನ್ನೂ ಸೇರಿಸಿ 18 ಅಂಕಿ ಕಳಿಸುತ್ತವೆ. ಅಂಗಡಿಯವರು ತಮ್ಮ ಸ್ಟಿಕ್ಕರನ್ನು ಸರಿಯಾಗಿ ಮೂಲ ಬಾರ್‌ಕೋಡಿನ ಮೇಲೆಯೇ ಅಂಟಿಸಿರುತ್ತಾರೆ, ಸ್ಕ್ಯಾನರ್ ಅದನ್ನೂ ಖುಷಿಯಾಗಿ ಓದುತ್ತದೆ. ಹಳೆಯ ಅಗ್ಗದ ಪೇಪರ್‌ಬ್ಯಾಕುಗಳಲ್ಲಿ ಬೆನ್ನ ಹಿಂದೆ ಇರುವುದು ಐಎಸ್‌ಬಿಎನ್ ಅಲ್ಲವೇ ಅಲ್ಲ, ಸೋಪಿನ ಡಬ್ಬಿಗೆ ಹಾಕುವಂಥ 12 ಅಂಕಿಯ ಯುಪಿಸಿ ಕೋಡ್. ಹಾಗಾಗಿ ಸ್ಕ್ಯಾನ್ ಆದ ಮೇಲೆ ಮಾಡಬೇಕಾದ ಮೊದಲ ಕೆಲಸ, ಬಂದದ್ದು ಏನು ಅಂತ ನೋಡುವುದು: 18 ಇದ್ದರೆ ಕೊನೆಯ ಐದನ್ನು ಕತ್ತರಿಸು, 12 ಇದ್ದರೆ ಒಳಪುಟ ನೋಡಲು ಹೇಳು, 13 ಇದ್ದು ಮೊದಲ ಮೂರು ಅಂಕಿ ಬೇರೆ ಇದ್ದರೆ ಸ್ಟಿಕ್ಕರ್ ಕೀಳಲು ಹೇಳು.

ಕೈಯಲ್ಲಿ ಟೈಪ್ ಮಾಡುವವರ ಕಥೆ ಇನ್ನೊಂದು. 2006ರ ಕೊನೆಯವರೆಗೆ ಐಎಸ್‌ಬಿಎನ್‌ಗೆ ಹತ್ತೇ ಅಂಕಿ ಇತ್ತು, 2007ರ ಜನವರಿಯಿಂದ ಹದಿಮೂರಾಯಿತು. ಹಳೆಯದನ್ನು ಹೊಸದಕ್ಕೆ ತಿರುಗಿಸಲು ಮುಂದೆ 978 ಸೇರಿಸಿದರೆ ಸಾಕು ಅಂತ ಬಹಳ ಜನ ನಂಬಿದ್ದಾರೆ, ಅವರಲ್ಲಿ ಪ್ರೋಗ್ರಾಮರ್‌ಗಳೂ ಇದ್ದಾರೆ. ಸಾಲದು. ಕೊನೆಯ ಅಂಕಿ ತಾಳೆ ನೋಡುವ ಅಂಕಿ, ಅದನ್ನು ಹೊಸದಾಗಿ ಲೆಕ್ಕ ಹಾಕಬೇಕು. 0306406152 ತೆಗೆದುಕೊಳ್ಳಿ. ಕೊನೆಯ 2 ಬಿಟ್ಟು ಮುಂದೆ 978 ಸೇರಿಸಿದರೆ 978030640615. ಎಡದಿಂದ ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಹೀಗೇ ಸರದಿಯಾಗಿ ಗುಣಿಸಿ ಎಲ್ಲ ಕೂಡಿದರೆ 93. ಮುಂದಿನ ಹತ್ತರ ಗುಣಕ 100ಕ್ಕೆ ಏಳು ಕಮ್ಮಿ. ಅಲ್ಲಿಗೆ 9780306406157. ಹತ್ತಂಕಿಯ ಪದ್ಧತಿಯಲ್ಲಿ ಲೆಕ್ಕ 11ರ ಶೇಷದ್ದು, ಆದ್ದರಿಂದ ಕೊನೆಯಲ್ಲಿ ಎಕ್ಸ್ ಅಕ್ಷರವೂ ಬರಬಹುದು. ಲೆಕ್ಕದಲ್ಲಿ ಎಕ್ಸ್ ಅಂದರೆ 10. 'ಅಂಕಿ ಮಾತ್ರ ಹಾಕಿ' ಅಂತ ಬಾಕ್ಸ್ ಕಟ್ಟಿಟ್ಟವರು ಅಂಥ ಪುಸ್ತಕಗಳನ್ನೆಲ್ಲ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ: ತಪ್ಪು ಹಿಡಿಯುವುದರಲ್ಲಿ ಹಳೆಯ ಹತ್ತಂಕಿಯದು ಹೆಚ್ಚು ಗಟ್ಟಿ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಅದು ಖಂಡಿತ ಹಿಡಿಯುತ್ತಿತ್ತು. ಹದಿಮೂರರ ಪದ್ಧತಿಯಲ್ಲಿ ಆ ಎರಡು ಅಂಕಿಗಳ ವ್ಯತ್ಯಾಸ 5 ಇದ್ದರೆ (16ರ ಜಾಗದಲ್ಲಿ 61 ಹೊಡೆದಂತೆ) ತಪ್ಪು ಸಲೀಸಾಗಿ ನುಸುಳುತ್ತದೆ. ಆದ್ದರಿಂದ ಟೈಪ್ ಮಾಡಿದ ಸಂಖ್ಯೆ ತಾಳೆಯಾಯಿತು ಅಂತ ನೇರ ಪಟ್ಟಿಗೆ ಸೇರಿಸಬಾರದು. ಹೆಸರು, ಮುಖಪುಟ ತೋರಿಸಿ, ಹೌದು ಅನ್ನಿಸಿಕೊಂಡೇ ಸೇರಿಸಬೇಕು.

ಸರಿ, ಸಂಖ್ಯೆ ಸಿಕ್ಕಿತು. ಅದು ಯಾವ ಪುಸ್ತಕ ಅಂತ ಹೇಳುವವರು ಯಾರು? ಜಗತ್ತಿನ ಎಲ್ಲ ಪುಸ್ತಕಗಳ ವಿವರವನ್ನೂ ಒಂದೇ ಕಡೆ ಇಟ್ಟು ಪುಕ್ಕಟೆ ಹಂಚುವ ಕಚೇರಿ ಯಾವುದೂ ಇಲ್ಲ. ದೊಡ್ಡ ಗ್ರಂಥಾಲಯಗಳಲ್ಲಿ ಝಡ್39.50 ಎಂಬ ಹಳೆಯ ಪ್ರೋಟೋಕಾಲ್ (ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ನಿಯಮ) ಮೂಲಕ ಕೇಳಬೇಕು. ಓಪನ್ ಲೈಬ್ರರಿಯಂಥ ಮುಕ್ತ ಭಂಡಾರಗಳನ್ನು ಕೇಳಬೇಕು. ಪುಸ್ತಕ ಮಾರುವವರ ಎಪಿಐಗಳಿದ್ದರೆ (ಒಂದು ಪ್ರೋಗ್ರಾಂ ಇನ್ನೊಂದರಿಂದ ಮಾಹಿತಿ ಕೇಳುವ ದಾರಿ) ಅವರ ಷರತ್ತಿಗೆ ತಲೆಬಾಗಿ ಕೇಳಬೇಕು. ಉತ್ತರ ಒಬ್ಬೊಬ್ಬರದು ಒಂದೊಂದು ಥರ. ಗ್ರಂಥಾಲಯಗಳು ಪುಸ್ತಕದ ವಿವರವನ್ನು ಕಂಪ್ಯೂಟರ್ ಓದುವಂತೆ ಬರೆದಿಡುವ ಮಾರ್ಕ್ ದಾಖಲೆಯಲ್ಲಿ ಹೆಸರು ಇರುವುದು 245ನೇ ಫೀಲ್ಡಿನಲ್ಲಿ, ಅದರ ಬಾಲಕ್ಕೆ ಒಂದು ಓರೆಗೆರೆಯೋ (/) ವಿವರಣಾ ಚಿಹ್ನೆಯೋ (:) ಅಂಟಿಕೊಂಡಿರುತ್ತದೆ. ಅದು ಕ್ಯಾಟಲಾಗ್ ಕಾರ್ಡಿನ ಕಾಲದ ವಿರಾಮಚಿಹ್ನೆಯ ನಿಯಮ. ಉಜ್ಜಿ ತೆಗೆಯದಿದ್ದರೆ ನಿಮ್ಮ ಪಟ್ಟಿಯ ಪ್ರತಿ ಹೆಸರಿನ ಕೊನೆಯಲ್ಲೂ ಗೆರೆ. ವರ್ಷದ ಜಾಗದಲ್ಲಿ ಚೌಕ ಕಂಸದೊಳಗೆ 1968, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ. ಪುಟಗಳ ಜಾಗದಲ್ಲಿ ರೋಮನ್ ಅಂಕಿಯಲ್ಲಿ ಮುನ್ನುಡಿಯ ಪುಟಗಳು, ಅಲ್ಪವಿರಾಮ, ಆಮೇಲೆ 340. ಮಾರಾಟಗಾರರ ದಾಖಲೆಯಲ್ಲಿ ಪುಸ್ತಕದ ಹೆಸರಿನೊಳಗೇ 'ಪೇಪರ್‌ಬ್ಯಾಕ್', 'ಹೊಸ ಮುದ್ರಣ' ಎಲ್ಲ ತುರುಕಿರುತ್ತದೆ. ಕನ್ನಡ ಪುಸ್ತಕವಾದರೆ ಹಲವು ಗ್ರಂಥಾಲಯ ದಾಖಲೆಗಳಲ್ಲಿ ಹೆಸರು ರೋಮನ್ ಲಿಪಿಯಲ್ಲಿ, ಅಕ್ಷರದ ಕೆಳಗೆ ಚುಕ್ಕೆ, ಮೇಲೆ ಗೆರೆ ಸಮೇತ ಬರುತ್ತದೆ. ಇವೆಲ್ಲದರಲ್ಲಿ ಯಾವ ಫೀಲ್ಡನ್ನು ಯಾರಿಂದ ತೆಗೆದುಕೊಳ್ಳಬೇಕು ಅಂತ ನಿರ್ಧರಿಸುವುದೇ ನಮ್ಮ ಕೆಲಸ. ಹೆಸರಿಗೆ ಗ್ರಂಥಾಲಯ, ಮುಖಪುಟಕ್ಕೆ ಪ್ರಕಾಶಕರು, ಪುಟಕ್ಕೆ ಯಾರನ್ನೂ ಪೂರ್ತಿ ನಂಬುವ ಹಾಗಿಲ್ಲ.

ಕೇಳುವುದಕ್ಕೂ ಮಿತಿಯಿದೆ. ಸೆಕೆಂಡಿಗೆ ಒಂದೇ ಪ್ರಶ್ನೆ ಅನ್ನುವ ಕಡೆ 3,000 ಪುಸ್ತಕದ ಪಟ್ಟಿ ಹಾಕಿದರೆ 50 ನಿಮಿಷ. ಅಷ್ಟು ಹೊತ್ತು ತಿರುಗುವ ಚಕ್ರ ನೋಡುತ್ತ ಯಾರೂ ಕೂರುವುದಿಲ್ಲ, ಪೇಜ್ ರಿಫ್ರೆಶ್ ಮಾಡುತ್ತಾರೆ, ಎಲ್ಲ ಮೊದಲಿಂದ. ಅದಕ್ಕೇ ಆಮದನ್ನು, ಅಂದರೆ ಪಟ್ಟಿಯನ್ನು ಒಳಗೆ ತರುವ ಕೆಲಸವನ್ನು, ಸರದಿಯಲ್ಲಿ ಹಾಕಿ ತೆರೆಮರೆಯಲ್ಲಿ ನಡೆಸಬೇಕು. ಬಂದ ಉತ್ತರವನ್ನು ಉಳಿಸಿಟ್ಟುಕೊಳ್ಳಬೇಕು. 'ಸಿಗಲಿಲ್ಲ' ಅನ್ನುವ ಉತ್ತರವನ್ನೂ ಉಳಿಸಬೇಕು, ಆದರೆ ಕಮ್ಮಿ ದಿನಕ್ಕೆ. ಇಲ್ಲದಿದ್ದರೆ ಮುಂದಿನ ವಾರ ಅಲ್ಲಿ ಸೇರುವ ಪುಸ್ತಕ ನಮ್ಮಲ್ಲಿ ಎಂದೆಂದಿಗೂ ಸಿಗುವುದಿಲ್ಲ.

ಇಷ್ಟಾದ ಮೇಲೂ ಐಎಸ್‌ಬಿಎನ್ ಒಂದನ್ನೇ ನಂಬಿ ಡೇಟಾಬೇಸ್ ಕಟ್ಟಿದವರು ಕೆಟ್ಟರು. ಕೆಲವು ಪ್ರಕಾಶಕರು ಹಳೆಯ ಸಂಖ್ಯೆಯನ್ನೇ ಬೇರೆ ಪುಸ್ತಕಕ್ಕೆ ಮತ್ತೆ ಹಾಕಿರುತ್ತಾರೆ. ನಾಲ್ಕು ಸಂಪುಟಕ್ಕೆ ಸೇರಿ ಒಂದೇ ಸಂಖ್ಯೆ ಇರುತ್ತದೆ. ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನಕವಾದದ್ದೇ 1970ರಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಏನೂ ಇರುವುದಿಲ್ಲ. ಈಗಲೂ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಎಷ್ಟೋ ಪುಸ್ತಕಗಳಿಗೆ, ಸ್ಮರಣ ಸಂಚಿಕೆಗಳಿಗೆ ಅದಿಲ್ಲ. ಪ್ರತಿ ದಾಖಲೆಗೂ ನಮ್ಮದೇ ಸಂಖ್ಯೆ ಇರಬೇಕು, ಐಎಸ್‌ಬಿಎನ್ ಅದರ ಹತ್ತು ವಿವರಗಳಲ್ಲಿ ಒಂದಾಗಿ ಇರಬೇಕು. ಕೈಯಲ್ಲಿ ತುಂಬುವ ಫಾರ್ಮಿನಲ್ಲಿ ಕಡ್ಡಾಯ ಅಂತ ಇರಬೇಕಾದದ್ದು ಪುಸ್ತಕದ ಹೆಸರು ಮಾತ್ರ. ಲೇಖಕರ ಹೆಸರೂ ಕಡ್ಡಾಯ ಅಂದರೆ ಜನ ಒಂದು ಚುಕ್ಕೆ ಒತ್ತಿ ಮುಂದೆ ಹೋಗುತ್ತಾರೆ, ಕೊನೆಗೆ ಚುಕ್ಕೆ ಎಂಬ ಮಹಾನುಭಾವರೇ ಇಡೀ ಸೈಟಿನಲ್ಲಿ ಅತಿ ಹೆಚ್ಚು ಪುಸ್ತಕ ಬರೆದವರಾಗುತ್ತಾರೆ.

ಗ್ರಂಥಾಲಯದವರು ಇದನ್ನೆಲ್ಲ ಮೊದಲೇ ಯೋಚಿಸಿದ್ದಾರೆ. 1998ರಲ್ಲಿ ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಇಫ್ಲಾ ಪ್ರಕಟಿಸಿದ, ಪುಸ್ತಕದ ವಿವರ ದಾಖಲಿಸುವ ಮಾದರಿಯಲ್ಲಿ ನಾಲ್ಕು ಹಂತಗಳಿವೆ. ಮನೆಯ ಪಟ್ಟಿಗೆ ಮೂರು ಸಾಕು: ಕೃತಿ (ಲೇಖಕರು ಬರೆದದ್ದು), ಆವೃತ್ತಿ (ಅದು ಅಚ್ಚಾದ ರೂಪ), ಪ್ರತಿ (ನಿಮ್ಮ ಕೈಯಲ್ಲಿರುವ ಪುಸ್ತಕ). ಆದರೆ ಮೂರೂ ಬೇಕು. ಒಂದೇ ಆವೃತ್ತಿಯ ಎರಡು ಪ್ರತಿ ಇಟ್ಟುಕೊಂಡವರಿದ್ದಾರೆ: ಲೇಖಕರ ಸಹಿ ಇರುವುದು ಕಪಾಟಿಗೆ, ಇನ್ನೊಂದು ಎರವಲು ಕೊಡುವುದಕ್ಕೆ. ಪ್ರತಿಯ ಹಂತ ಇಲ್ಲದ ಸೇವೆ ಎರಡನೆಯದನ್ನು ಸ್ಕ್ಯಾನ್ ಮಾಡಿದಾಗ 'ಇದು ಈಗಾಗಲೇ ಇದೆ' ಅಂತ ಗದರಿಸಿ ಕಳಿಸುತ್ತದೆ.

ಕನ್ನಡದಲ್ಲಿ ಹುಡುಕುವುದರ ಬಗ್ಗೆಯೂ ಹೇಳಲೇಬೇಕು. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ 'ಕೊ' ಅಂತ ಬರೆಯಲು ಎರಡು ದಾರಿ: ಕ ಆದ ಮೇಲೆ ೊ ಎಂಬ ಒಂದೇ ಚಿಹ್ನೆ, ಇಲ್ಲವೇ ೆ ಮತ್ತು ೂ ಎಂಬ ಎರಡು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ಉಳಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ರೂಪ) ತರದಿದ್ದರೆ ಕಣ್ಣೆದುರಿಗಿರುವ ಪುಸ್ತಕ ಹುಡುಕಾಟದಲ್ಲಿ ಇಲ್ಲ ಅನ್ನಿಸುತ್ತದೆ. ಅಕ್ಷರಗಳನ್ನು ಜೋಡಿಸುವ ಅಥವಾ ಬಿಡಿಸುವ, ಕಣ್ಣಿಗೆ ಕಾಣದ ಚಿಹ್ನೆಗಳು ಎನ್‌ಎಫ್‌ಸಿಯಿಂದ ಹೋಗುವುದಿಲ್ಲ. ಅವನ್ನು ಹುಡುಕಾಟದ ಸೂಚಿಯಲ್ಲಿ ಮಾತ್ರ ತೆಗೆಯಬೇಕು, ತೋರಿಸುವ ಹೆಸರಿನಲ್ಲಿ ಹಾಗೇ ಬಿಡಬೇಕು, ಇಲ್ಲದಿದ್ದರೆ ಒತ್ತಕ್ಷರ ಕೆಡುತ್ತದೆ. ಬರೀ ಕೋಡ್ ಸಂಖ್ಯೆಯ ಪ್ರಕಾರ ವಿಂಗಡಿಸಿದರೆ ಳ ಬರುವುದು ಲ ಆದ ತಕ್ಷಣ. ನಮ್ಮ ವರ್ಣಮಾಲೆಯಲ್ಲಿ ಅದರ ಜಾಗ ಹ ಆದ ಮೇಲೆ. ಇಷ್ಟು ಸಣ್ಣದಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅನ್ನಬೇಡಿ. ಪುಸ್ತಕದ ಪಟ್ಟಿ ಮಾಡುವವರು ಕೆಡಿಸಿಕೊಳ್ಳುತ್ತಾರೆ, ಪತ್ರವನ್ನೂ ಬರೆಯುತ್ತಾರೆ.

ಎಕ್ಸೆಲ್ ವಿಷಯ: ನಿಮ್ಮಲ್ಲಿ ಇನ್ನೂರು ಪುಸ್ತಕ ಇದ್ದರೆ ಅದೇ ಸಾಕು, ನನ್ನ ಹತ್ತಿರ ಬರಬೇಡಿ. ಐಎಸ್‌ಬಿಎನ್ ಕಾಲಂ ಅನ್ನು ಮಾತ್ರ ಮೊದಲೇ ಟೆಕ್ಸ್ಟ್ ಮಾಡಿಟ್ಟುಕೊಳ್ಳಿ. ಹಾಗೇ ಬಿಟ್ಟರೆ ಹತ್ತಂಕಿಯದರ ಮುಂದಿನ ಸೊನ್ನೆ ಹಾರಿಹೋಗುತ್ತದೆ, ಮೇಲಿನ ಉದಾಹರಣೆಯ ಹದಿಮೂರಂಕಿಯದು 9.78031 ಗುಣಿಸು ಹತ್ತರ ಹನ್ನೆರಡನೇ ಘಾತ ಅನ್ನುವ ರೂಪ ತಾಳುತ್ತದೆ. ಆ ಸ್ಥಿತಿಯಲ್ಲಿ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲ್) ಆಗಿ ಉಳಿಸಿ ಮುಚ್ಚಿದಿರೋ, ಮತ್ತೆ ತೆರೆದಾಗ ಸಿಗುವುದು 9780310000000. ಉಳಿದ ಅಂಕಿಗಳನ್ನು ಬ್ರಹ್ಮ ಬಂದರೂ ವಾಪಸ್ ತರಲಾರ.

ಸಿಎಸ್‌ವಿ ಮಾತು ಬಂದದ್ದು ಒಳ್ಳೆಯದೇ ಆಯಿತು, ಒಂದು ಸೇವೆಯಿಂದ ಪಟ್ಟಿಯನ್ನು ಹೊರತರುವುದು ಸಾಮಾನ್ಯವಾಗಿ ಅದರಲ್ಲೇ. ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿರುವ ಪ್ರಶ್ನೆ ಬೇರೆ ಇದೆ: "ನೀವು ನಾಳೆ ಅಂಗಡಿ ಮುಚ್ಚಿದರೆ ನನ್ನ ಪಟ್ಟಿಯ ಗತಿಯೇನು?" ಇದನ್ನು ಯಾರೂ ಕೇಳುವುದಿಲ್ಲ. ಸ್ಕ್ಯಾನರ್ ಎಷ್ಟು ವೇಗ ಅಂತ ಕೇಳುತ್ತಾರೆ. ಇಂಥದ್ದೇ ಪುಸ್ತಕಪಟ್ಟಿಯ ಸೇವೆ ಲೈಬ್ರರಿಥಿಂಗ್ 2005ರಿಂದ ನಡೆಯುತ್ತಿದೆ ನಿಜ, ಎಲ್ಲರೂ ಅಷ್ಟು ಬಾಳುವುದಿಲ್ಲ. ಓದುಗರ ತಾಣ ಗುಡ್‌ರೀಡ್ಸ್ 2013ರಲ್ಲಿ ಅಮೆಜಾನ್ ಕೈಸೇರಿತು, 2020ರ ಡಿಸೆಂಬರ್‌ನಲ್ಲಿ ಹೊಸ ಎಪಿಐ ಕೀಲಿ ಕೊಡುವುದನ್ನು ನಿಲ್ಲಿಸಿತು. ಅದನ್ನು ನೆಚ್ಚಿ ಏನಾದರೂ ಕಟ್ಟಬೇಕೆಂದಿದ್ದವರು ಬೇರೆ ದಾರಿ ನೋಡಿಕೊಳ್ಳಬೇಕಾಯಿತು. ಸೇವೆ ಯಾರದೇ ಇರಲಿ, ದೊಡ್ಡದಿರಲಿ, ನನ್ನಂಥ ಚಿಕ್ಕದಿರಲಿ, ಹೊರಬರುವ ಬಾಗಿಲು ಎಲ್ಲಿದೆ ಅಂತ ಒಳಗೆ ಹೋಗುವಾಗಲೇ ನೋಡಿಕೊಳ್ಳಬೇಕು.

ಹೆಸರು, ಪ್ರಕಾಶಕರು, ಪುಟಸಂಖ್ಯೆ ಇವೆಲ್ಲ ಕಳೆದರೂ ಮತ್ತೆ ಎಲ್ಲಾದರೂ ಸಿಗುತ್ತವೆ. ಸಿಗದೇ ಇರುವುದು ನೀವೇ ಟೈಪ್ ಮಾಡಿದ್ದು: ಯಾವ ಕಪಾಟು, ಯಾರಿಗೆ ಎರವಲು, ಯಾವತ್ತು ಕೊಂಡದ್ದು, ಓದಿ ಮುಗಿಸಿದ್ದು, ಟಿಪ್ಪಣಿ, ನೀವೇ ತೆಗೆದ ಮುಖಪುಟದ ಫೋಟೊ. ಬಹಳ ಕಡೆ ರಫ್ತಿನ ಫೈಲಿನಲ್ಲಿ, ಅಂದರೆ ಪಟ್ಟಿಯನ್ನು ಹೊರತೆಗೆದಾಗ ಸಿಗುವ ಫೈಲಿನಲ್ಲಿ, ಬಿಟ್ಟುಹೋಗುವುದೂ ಇವೇ. ಎರವಲಿನ ಪಟ್ಟಿಯಲ್ಲಿ ಬೇರೆಯವರ ಹೆಸರಿರುತ್ತದೆ. ಪುಸ್ತಕಗಳ ಸಾಲು ನೋಡಿಯೇ ಒಬ್ಬರ ಕಾಯಿಲೆ, ಧರ್ಮ, ರಾಜಕೀಯ ಊಹಿಸಬಹುದು. ಹಾಗಾಗಿ ನಮ್ಮಲ್ಲಿ ಪಟ್ಟಿ ಮೊದಲಿಗೆ ಖಾಸಗಿ, ತೆರೆಯುವುದು ನಿಮ್ಮ ಇಷ್ಟ. ತೆರೆದರೂ ಕಪಾಟಿನ ಜಾಗ ಮತ್ತು ಎರವಲಿನ ಹೆಸರು ಹೊರಗೆ ಕಾಣುವುದಿಲ್ಲ.

ಯಾವ ಸೇವೆಯನ್ನೇ ಆಗಲಿ ಪರೀಕ್ಷೆ ಮಾಡಲು ಅರ್ಧ ಗಂಟೆ ಸಾಕು. ಕಷ್ಟ ಕೊಡುವ ಪುಸ್ತಕಗಳನ್ನೇ ಆರಿಸಿ ಹಾಕಿ: ಸೊನ್ನೆಯಿಂದ ಶುರುವಾಗುವ ಐಎಸ್‌ಬಿಎನ್ ಒಂದು, ಎಕ್ಸ್‌ನಲ್ಲಿ ಮುಗಿಯುವುದೊಂದು, ಐಎಸ್‌ಬಿಎನ್ ಇಲ್ಲದ್ದೊಂದು, ಎರಡು ಪ್ರತಿ ಇರುವುದೊಂದು, ಹೆಸರಿನಲ್ಲಿ ಅಲ್ಪವಿರಾಮವೂ ಉದ್ಧರಣ ಚಿಹ್ನೆಯೂ ಇರುವುದೊಂದು, 'ಕೊ' ಇರುವ ಕನ್ನಡದ್ದೊಂದು. ಒಂದಕ್ಕೆ ನಾಲ್ಕು ಸಾಲಿನ ಟಿಪ್ಪಣಿ ಬರೆಯಿರಿ. ಈಗ ರಫ್ತು ಮಾಡಿ, ಹೊಸದೊಂದು ಖಾಲಿ ಖಾತೆ ತೆರೆದು ಅದೇ ಫೈಲನ್ನು ಆಮದು ಮಾಡಿ, ಸಾಲು ಸಾಲಾಗಿ ತಾಳೆ ನೋಡಿ. ಎರಡನೇ ಪ್ರತಿ ಮಾಯವಾಗಿರುವುದು, ಟಿಪ್ಪಣಿ ಒಡೆದು ನಾಲ್ಕು ಪುಸ್ತಕಗಳಾಗಿರುವುದು ಮಾಮೂಲಿ. ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡವೆಲ್ಲ ಕಸದಂತೆ ಕಂಡರೆ ಗಾಬರಿ ಬೇಡ, ಅಕ್ಷರಗಳನ್ನು ಯಾವ ಸಂಕೇತದಲ್ಲಿ ಓದಬೇಕು ಅಂತ ಹೇಳುವ ಯುಟಿಎಫ್-8 ಗುರುತು ಫೈಲಿನ ತಲೆಯಲ್ಲಿ ಇಲ್ಲದಿರಬಹುದು. ಡೇಟಾ ಆಮದಿನ ಮೆನುವಿನಿಂದ ಯುಟಿಎಫ್-8 ಆರಿಸಿ ತೆರೆದರೆ ಸರಿಹೋಗುತ್ತದೆ. ಕೊನೆಗೆ ದಿನಾಂಕದ ಕಾಲಂ ನೋಡಿ. 03/04/2024 ಅಂತಿದ್ದರೆ ಅದು ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಅಂತ ಆ ಫೈಲನ್ನು ಓದುವ ಮುಂದಿನ ಸೇವೆಗೆ ಗೊತ್ತಾಗುವುದಿಲ್ಲ. 2024-04-03 ಅಂತ ಇರಬೇಕು. ಇಲ್ಲದಿದ್ದರೆ ನಡೆಸುವವರಿಗೆ ಬರೆದು ಸರಿಮಾಡಿಸಿ, ಆಮೇಲೆ ಉಳಿದ ಪುಸ್ತಕಗಳನ್ನು ಸೇರಿಸಿ.